ಕೆಟಿಎಂ 390 ಅಡ್ವೆಂಚರ್: ಸಸ್ಪೆನ್ಷನ್ ನಮ್ಮ ರಸ್ತೆಗೆ ಹೊಂದಿಸಿಕೊಂಡ ಮೇಲೆ

ನನ್ನದು 2023ರಲ್ಲಿ ಬಂದ ಮಾಡೆಲ್. ಸ್ಪೋಕ್ ಚಕ್ರ, ಸ್ಕ್ರೂ ತಿರುಗಿಸಿ ಅಡ್ಜಸ್ಟ್ ಮಾಡಬಹುದಾದ ಡಬ್ಲ್ಯುಪಿ ಕಂಪನಿಯ ಸಸ್ಪೆನ್ಷನ್ ಇರುವುದು. 2025ರಲ್ಲಿ ಹೊಸ ಪೀಳಿಗೆಯ ಬೈಕ್ ಬಂದಿರುವುದರಿಂದ ಇದನ್ನು ಈಗ ಹುಡುಕುವವರು ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. ಎಂಜಿನ್, ಮೈಲೇಜ್ ಬಗ್ಗೆ ಬೇಕಾದಷ್ಟು ಜನ ಬರೆದಾಗಿದೆ. ನಾನು ಸಸ್ಪೆನ್ಷನ್ ಬಗ್ಗೆ ಮಾತ್ರ ಬರೆಯುತ್ತೇನೆ. ಈ ಮಾಡೆಲ್‌ಗೆ ಜಾಸ್ತಿ ದುಡ್ಡು ಕೊಡುವುದೇ ಆ ಸ್ಕ್ರೂಗಳಿಗಾಗಿ, ಆದರೆ ನಾನು ನೋಡಿದ ಬೈಕ್‌ಗಳಲ್ಲಿ ಅವುಗಳ ಮೇಲಿನ ಧೂಳೂ ಅಲುಗಿರುವುದಿಲ್ಲ!

ಏನೇನಿದೆ ಅಂದರೆ, ಮುಂದೆ 43 ಎಂಎಂ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು. ಅದರ ಎಡಗಾಲಿನ ತಲೆಯ ಮೇಲೆ ಕಂಪ್ರೆಷನ್ ಸ್ಕ್ರೂ, ಬಲಗಾಲಿನ ಮೇಲೆ ರಿಬೌಂಡ್ ಸ್ಕ್ರೂ. ಕಂಪ್ರೆಷನ್ ಅಂದರೆ ಕುಗ್ಗುವ ವೇಗದ ಮೇಲಿನ ಹಿಡಿತ, ರಿಬೌಂಡ್ ಅಂದರೆ ಮತ್ತೆ ಮೇಲೇಳುವ ವೇಗದ ಮೇಲಿನ ಹಿಡಿತ. ಎರಡೂ ಸೇರಿ ಡ್ಯಾಂಪಿಂಗ್. ಹಿಂದಿನ ಮೊನೊಶಾಕ್‌ನಲ್ಲಿ (ಒಂಟಿ ಶಾಕ್) ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬುದು) ಮತ್ತು ರಿಬೌಂಡ್. ಫೋರ್ಕ್‌ಗೆ ಪ್ರೀಲೋಡ್ ಇಲ್ಲ, ಹಿಂದಿನ ಶಾಕ್‌ಗೆ ಕಂಪ್ರೆಷನ್ ಇಲ್ಲ. ದಿನಬಳಕೆಗೆ ಇಷ್ಟು ಸಾಕು.

ನನ್ನ ತೂಕ 64 ಕೆಜಿ. ನನ್ನಂಥ ಹಗುರ ಮೈಯವರಿಗೆ ಮೊದಲ ದಿನ ಬೈಕ್ ಸ್ವಲ್ಪ ಗಟ್ಟಿ ಅನ್ನಿಸುವುದು ಸಹಜ. ಸ್ಪ್ರಿಂಗ್ ಎಲ್ಲರಿಗೂ ಒಂದೇ, ಮೈತೂಕ ಒಂದೇ ಅಲ್ವಲ್ಲ. ಅದಕ್ಕೇ ಕ್ಲಿಕ್‌ಗಳಿಗೆ (ಸ್ಕ್ರೂ ತಿರುಗಿಸುವಾಗ ಕೈಗೆ ತಿಳಿಯುವ ಒಂದೊಂದು ಹಂತ) ಕೈ ಹಾಕುವ ಮುಂಚೆ ಸ್ಯಾಗ್ ಅಳೆಯಬೇಕು. ಸ್ಯಾಗ್ ಅಂದರೆ ನೀವು ಕೂತಾಗ ಬೈಕ್ ಎಷ್ಟು ಕುಸಿಯುತ್ತದೆ ಎಂಬುದು. ಒಂದು ಟೇಪು, ಇಬ್ಬರು ಸ್ನೇಹಿತರು ಇದ್ದರೆ ಆಯಿತು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಆಕ್ಸಲ್‌ನಿಂದ ನೇರ ಮೇಲಕ್ಕೆ ಬಾಲದ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡು ಕೂತು ಮತ್ತೆ ಅಳೆಯಿಸಿ. ಎರಡರ ವ್ಯತ್ಯಾಸವೇ ಸ್ಯಾಗ್. ರಸ್ತೆ ಸವಾರಿಗೆ ಅದು ಒಟ್ಟು ಓಡಾಟದ (ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ದೂರ) ಶೇಕಡ 30ರ ಆಸುಪಾಸಿನಲ್ಲಿರಬೇಕು. ಈ ಬೈಕ್‌ನ ಹಿಂದಿನ ಓಡಾಟ 177 ಎಂಎಂ, ಹಾಗಾಗಿ 50ರಿಂದ 55 ಎಂಎಂ ಕುಸಿದರೆ ಸರಿ. ಪ್ರೀಲೋಡ್ 3ನೇ ಮೆಟ್ಟಿಲಿಗೆ ಇಳಿಸಿದಾಗ ನನಗೆ ಅದು ಸಿಕ್ಕಿತು. ಒಟ್ಟು 10 ಮೆಟ್ಟಿಲುಗಳಿವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಲ್ಲೂ ಇದೆ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬೈಕ್ ಎತ್ತರದಲ್ಲಿ ನಿಲ್ಲುತ್ತದೆ, ಅಷ್ಟೇ. ಹಗುರ ಮನುಷ್ಯ ಪ್ರೀಲೋಡ್ ಏರಿಸಿಕೊಂಡು ಓಡಿಸಿದರೆ ಗುಂಡಿಯೊಳಕ್ಕೆ ಚಕ್ರ ಇಳಿಯಲು ಜಾಗವೇ ಉಳಿಯುವುದಿಲ್ಲ. ಬೈಕ್ ಗುಂಡಿಗೆ ದೊಪ್ಪೆಂದು ಬೀಳುತ್ತದೆ. ಬೆನ್ನು ನೋವಿನ ಬೈಗುಳವೆಲ್ಲ ಆಮೇಲೆ ಸೀಟಿಗೆ.

ನಿಜವಾದ ಸುಖ ಸಿಕ್ಕಿದ್ದು ರಿಬೌಂಡ್‌ನಿಂದ. ಕುಗ್ಗಿದ ಸ್ಪ್ರಿಂಗ್ ಎಷ್ಟು ಬೇಗ ಮೇಲೇಳಬೇಕು ಎಂಬುದನ್ನು ಈ ಸ್ಕ್ರೂ ಹೇಳುತ್ತದೆ. ಒಂದೇ ದೊಡ್ಡ ಹಂಪ್ ಆದರೆ ಇದರ ಮಹಿಮೆ ಗೊತ್ತಾಗುವುದಿಲ್ಲ. ಬಿಳಿ ಪಟ್ಟಿ ಬಳಿದ ಸಾಲು ಹಂಪ್‌ಗಳ ಮೇಲೆ ಹೋಗಿ ನೋಡಿ. ರಿಬೌಂಡ್ ಬಿಗಿಯಾಗಿದ್ದರೆ ಮೊದಲ ಪಟ್ಟಿಗೆ ಕುಗ್ಗಿದ ಫೋರ್ಕ್ ಎದ್ದೇಳುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಹೀಗೆ ಕುಗ್ಗುತ್ತಾ ಕುಗ್ಗುತ್ತಾ ನಾಲ್ಕನೆಯ ಪಟ್ಟಿಗೆ ಬೈಕ್ ಕಬ್ಬಿಣದ ಸರಳಿನಂತೆ ಸೆಟೆದಿರುತ್ತದೆ. ಸವಾರನಿಗೆ 'ಸಸ್ಪೆನ್ಷನ್ ಗಟ್ಟಿ' ಅನ್ನಿಸುತ್ತದೆ. ಬೇಕಾಗಿರುವುದು ರಿಬೌಂಡ್ ಒಂದೆರಡು ಕ್ಲಿಕ್ ಸಡಿಲ ಮಾಡುವುದು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ. ನಾವೆಲ್ಲ ಪಕ್ಕದ ಸರ್ವೀಸ್ ರಸ್ತೆಯ ಗಿರಾಕಿಗಳು. ಹಂಪ್, ತೇಪೆ, ಊರೊಳಗಿನ ತಿರುವು ಎಲ್ಲ ಅಲ್ಲೇ ಸಿಗುವುದರಿಂದ ಸಸ್ಪೆನ್ಷನ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸುಮ್ನೆ ಒಂದು ಚಿಕ್ಕ ತುಂಡು ರಸ್ತೆ ಆರಿಸಿಕೊಳ್ಳಿ. ಅದರ ಮೇಲೇ ಅದೇ ವೇಗದಲ್ಲಿ ಹೋಗಿ ಬನ್ನಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್. ಮೂರು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಎಣಿಸುವುದು ಹೇಗೆ ಅಂದರೆ, ಸ್ಕ್ರೂವನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಅಲ್ಲಿಂದ ಎಡಕ್ಕೆ ಬಿಚ್ಚುತ್ತಾ ಎಣಿಸಬೇಕು. ಕೊನೆಗೆ ತಲುಪಿದಾಗ ಬಲ ಹಾಕಬೇಡಿ, ಒಳಗಿನ ಸೂಜಿ ಹಾಳಾದೀತು. ಒಬ್ಬನೇ ಓಡಿಸುವಾಗ ನನ್ನ ಲೆಕ್ಕ ಹೀಗಿದೆ: ಮುಂದೆ ಕಂಪ್ರೆಷನ್ 22, ರಿಬೌಂಡ್ 18, ಹಿಂದೆ ರಿಬೌಂಡ್ 13. ಇದು ನನ್ನ ತೂಕಕ್ಕೆ, ನನ್ನ ವೇಗಕ್ಕೆ. ನೀವು 85 ಕೆಜಿ ಇದ್ದು ಇದನ್ನೇ ಹಾಕಿಕೊಂಡರೆ ಬೈಕ್ ಉಯ್ಯಾಲೆಯಾಡುತ್ತದೆ. ಬೈಕ್ ಜೊತೆ ಬಂದ ಮ್ಯಾನುಯಲ್‌ನಲ್ಲಿ ಕಂಫರ್ಟ್, ಸ್ಟ್ಯಾಂಡರ್ಡ್, ಸ್ಪೋರ್ಟ್, ಪೂರ್ತಿ ಲೋಡ್ ಅಂತ ಕೋಷ್ಟಕವೇ ಇದೆ. ಕಂಫರ್ಟ್‌ನಿಂದ ಶುರು ಮಾಡಿ.

ಕಂಪ್ರೆಷನ್ ಇನ್ನೂ ಸಡಿಲ ಮಾಡಿದರೆ ಊರೊಳಗೆ ಹೂವಿನಂಥ ಸವಾರಿ. ಆದರೆ ಘಾಟಿಯಲ್ಲಿ ಅದು ಕೈಕೊಡುತ್ತದೆ. ಚಾರ್ಮಾಡಿ ಇಳಿಯುವಾಗ ಪ್ರತಿ ತಿರುವಿಗೂ ಮುಂಬ್ರೇಕ್ ಹಿಡಿಯಬೇಕು, ಫೋರ್ಕ್ ಮೂಗು ಬಗ್ಗಿಸಿಬಿಡುತ್ತದೆ. ಆ ಹೊತ್ತಿಗೆ ರಸ್ತೆಯಲ್ಲಿ ಗುಂಡಿ ಸಿಕ್ಕಿದರೆ ಕುಗ್ಗಲು ಜಾಗ ಉಳಿದಿರುವುದಿಲ್ಲ. ಅದಕ್ಕೇ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎದ್ದಾಗ ಕಂಪ್ರೆಷನ್ ನಾಲ್ಕು ಕ್ಲಿಕ್ ಬಿಗಿ ಮಾಡುತ್ತೇನೆ. ಸ್ಕ್ರೂ ಕೈಗೆಟಕುವಂತೆ ಮೇಲೇ ಇದೆ, ಅರ್ಧ ನಿಮಿಷದ ಕೆಲಸ. ಈ ಬೈಕ್‌ನಲ್ಲಿ ನನಗೆ ಅತಿ ಇಷ್ಟವಾದ ವಿಷಯ ಇದೇ.

ಹೆಂಡತಿ ಹಿಂದೆ ಕೂತು, ಎರಡು ಬ್ಯಾಗ್ ಕಟ್ಟಿದಾಗ ಪ್ರೀಲೋಡ್ 7ಕ್ಕೆ ಏರಿಸುತ್ತೇನೆ, ಹಿಂದಿನ ರಿಬೌಂಡ್ ಎರಡು ಕ್ಲಿಕ್ ಬಿಗಿ. ಮೊದಲೆಲ್ಲ ಹಾಸನ ಬರುವಷ್ಟರಲ್ಲಿ "ಎಲ್ಲಾದ್ರೂ ನಿಲ್ಸಿ ರೀ, ಸೊಂಟ ಹಿಡೀತಿದೆ" ಅನ್ನುತ್ತಿದ್ದಳು. ಈಗ ಸಕಲೇಶಪುರದವರೆಗೆ ಮಾತಿಲ್ಲ. ಪ್ರೀಲೋಡ್ ತಿರುಗಿಸುವ ಕೆಲಸ ಮಾತ್ರ ಕಿರಿಕಿರಿ. ಕೊಕ್ಕೆ ಸ್ಪ್ಯಾನರ್ ಹಿಡಿದು ಇಕ್ಕಟ್ಟಿನಲ್ಲಿ ಕೈ ತೂರಿಸಬೇಕು. ಬೈಕ್ ತಣ್ಣಗಿರುವಾಗ, ಮನೆಯಲ್ಲೇ ಮಾಡಿ ಹೊರಡುವುದು ಒಳ್ಳೆಯದು.

ಇನ್ನೊಂದು ಮಾತು. ಒಮ್ಮೆ ರಸ್ತೆ ಬದಿಯ ಗ್ಯಾರೇಜ್‌ನಲ್ಲಿ ಚೈನ್ ಟೈಟ್ ಮಾಡಿಸಲು ಬಿಟ್ಟಿದ್ದೆ. ಹುಡುಗ ಎಲ್ಲ ಸ್ಕ್ರೂಗಳನ್ನೂ ಬಿಗಿ ಮಾಡಿ, "ಲೂಸಾಗಿತ್ತು ಸಾರ್, ಟೈಟ್ ಮಾಡಿದೀನಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ ಪಾಪ. ಆ ಸಂಜೆ ನೈಸ್ ರಸ್ತೆವರೆಗೆ ಹೋಗುವಷ್ಟರಲ್ಲಿ ಮಣಿಕಟ್ಟು ನೋಯುತ್ತಿತ್ತು. ಅಂದಿನಿಂದ ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟಿದ್ದೇನೆ.

ಟೈರ್ ಗಾಳಿಯನ್ನು ಮರೆಯಬೇಡಿ. ಬಂಕ್‌ನಲ್ಲಿ 'ನಲವತ್ತು ಹಾಕ್ಲಾ' ಅಂತ ಕೇಳಿದವರಿಗೆಲ್ಲ ಹೂಂ ಅಂದರೆ ಇಷ್ಟೆಲ್ಲ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ. ಹಾಗಂತ ಮೆತ್ತಗಿರಲಿ ಅಂತ ತೀರಾ ಇಳಿಸಲೂ ಆಗದು. ಸ್ಪೋಕ್ ಚಕ್ರದೊಳಗೆ ಟ್ಯೂಬ್ ಇದೆ, ಗುಂಡಿಯ ಅಂಚಿಗೆ ಸಿಕ್ಕಿ ಹರಿಯುತ್ತದೆ. ಗಾಳಿ ಮ್ಯಾನುಯಲ್ ಹೇಳಿದಷ್ಟಿರಲಿ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ.

ಮಳೆಗಾಲದ ಮಲೆನಾಡು ಸುತ್ತಿ ಬಂದ ಮೇಲೆ ಫೋರ್ಕ್ ಕಾಲಿನ ಕೆಸರನ್ನು ಅವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಒಣಗಿದ ಕೆಸರು ಸೀಲ್ ಒಳಗೆ ಹೋದರೆ ಎಣ್ಣೆ ಸೋರಲು ಶುರು. ಫೋರ್ಕ್ ಎಣ್ಣೆಯೂ ಹಳತಾಗುತ್ತದೆ. ಡ್ಯಾಂಪಿಂಗ್ ನಿಧಾನವಾಗಿ ಕುಂದುವುದರಿಂದ ದಿನಾ ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಎಣ್ಣೆ ಬದಲಿಸಿದ ಮೇಲೆ ನನಗೆ ರಿಬೌಂಡ್ ಮತ್ತೆ ಎರಡು ಕ್ಲಿಕ್ ಸಡಿಲ ಮಾಡಬೇಕಾಯಿತು.

ಇದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಫೋರ್ಕ್ ಕಾಲಿನ ಮೇಲೆ ಬೆರಳು ಸವರಿ ನೋಡಿ, ಎಣ್ಣೆ ಅಂಟಿದರೆ ಸೀಲ್ ಖರ್ಚು ಬೆಲೆಯಲ್ಲಿ ಇಳಿಸಿ ಕೇಳಿ. ಆಮೇಲೆ ಮೂರೂ ಡ್ಯಾಂಪಿಂಗ್ ಸ್ಕ್ರೂಗಳನ್ನು ನೀವೇ ತಿರುಗಿಸಿ. ಕ್ಲಿಕ್ ಕೈಗೆ ತಿಳಿಯಬೇಕು. ರಿಬೌಂಡ್ ಪೂರ್ತಿ ಬಿಗಿ ಇದ್ದಾಗ ಮತ್ತು ಪೂರ್ತಿ ಸಡಿಲ ಇದ್ದಾಗ ಸೀಟು ಒತ್ತಿ ಬಿಟ್ಟರೆ ಏಳುವ ವೇಗದಲ್ಲಿ ವ್ಯತ್ಯಾಸ ಎದ್ದು ಕಾಣಬೇಕು. ಕಾಣದಿದ್ದರೆ ಆ ಬೈಕ್ ಬಿಟ್ಟು ಮುಂದಿನದು ನೋಡಿ.