ಫ್ಯೂಯೆಲ್ ಟ್ಯಾಂಕಿಗೆ ಏರ್ ಮೂವರ್: ನಾಲ್ಕು ವರ್ಷ ಬಳಸಿದ ಮೇಲೆ

ವಿಮಾನದ ರೆಕ್ಕೆಯೊಳಗಿನ ಇಂಧನ ಟ್ಯಾಂಕಿಗೆ ತೂರಿಕೊಂಡು ಸೋರುವ ಕಡೆ ಸೀಲಂಟ್ ಹಚ್ಚುವುದು ನನ್ನ ಕೆಲಸ. ಒಳಗೆ ಹೋಗುವ ಮುನ್ನ ಟ್ಯಾಂಕಿನ ಇಂಧನದ ಆವಿಯನ್ನು ಹೊರಗೆ ಹಾಕುವ ಈ ಏರ್ ಮೂವರ್ ಬೆಂಗಳೂರಿನ ನಮ್ಮ ಹ್ಯಾಂಗರಿಗೆ ಬಂದು ನಾಲ್ಕು ವರ್ಷ ದಾಟಿತು. ನೋಡೋಕೆ ಏನೂ ಇಲ್ಲ, ಎರಡೂ ಕಡೆ ಬಾಯಿ ತೆರೆದ ಲೋಹದ ಕೊಳವೆ, ಪಕ್ಕದಲ್ಲಿ ಕಂಪ್ರೆಸರ್ ಪೈಪ್ ಸಿಕ್ಕಿಸುವ ಮೂತಿ. ಒತ್ತಡದ ಗಾಳಿ ಕಿರಿದಾದ ಸಂದಿಯಿಂದ ನುಗ್ಗುವಾಗ ಹಿಂದಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಮೋಟಾರಿಲ್ಲ, ಫ್ಯಾನಿಲ್ಲ, ಕರೆಂಟಿನ ಕಿಡಿಯ ಭಯವಿಲ್ಲ. ಆದರೆ ಗಾಳಿಯ ಉಜ್ಜಾಟಕ್ಕೆ ಸ್ಟ್ಯಾಟಿಕ್, ಅಂದರೆ ಕಿಡಿ ಹಾರಿಸಬಲ್ಲ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಹಾಗಾಗಿ ಅರ್ಥಿಂಗ್ ವೈರ್ ಹಾಕದೆ ಓಡಿಸಲೇಬಾರದು.

ಕರೆಂಟಿಲ್ಲ ಅನ್ನುವುದೇ ದೊಡ್ಡ ವಿಷಯ. ವಿಮಾನದ ಜೆಟ್ ಎ-1 ಇಂಧನದ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಲು ಶುರುವಾಗುವ ಬಿಸಿ, ಕನಿಷ್ಠ 38 ಡಿಗ್ರಿ ಇರಬೇಕು ಅನ್ನುತ್ತಾರೆ. ಏಪ್ರಿಲ್ ಬಿಸಿಲಲ್ಲಿ ನಿಂತು ಒಳಗೆ ಬಂದ ರೆಕ್ಕೆಯನ್ನು ಮುಟ್ಟಿ ನೋಡಿ, ಆ ಲೆಕ್ಕ ನೆಮ್ಮದಿ ಕೊಡುವುದಿಲ್ಲ. ಗಾಳಿಯಲ್ಲಿ ಸುಮಾರು 0.7 ಶೇಕಡ ಆವಿ ಇದ್ದರೂ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. 1996ರಲ್ಲಿ ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯೂಎ 800 ವಿಮಾನದ ನಡುವಿನ ಟ್ಯಾಂಕ್ ಸಿಡಿದು 230 ಜನ ಸತ್ತರು. ಆಮೇಲೆ ಟ್ಯಾಂಕಿಗೆ ನೈಟ್ರೋಜನ್ ತುಂಬುವ ವ್ಯವಸ್ಥೆ ಬಂತು. ಅದರಿಂದ ನಮಗೆ ಇನ್ನೊಂದು ತಲೆನೋವು: ಒಳಗೆ ಆಮ್ಲಜನಕವೇ ಕಡಿಮೆ ಇರಬಹುದು. ಮೂಗಿನ ಮಾಸ್ಕು ಆವಿ ತಡೆಯುತ್ತದೆ, ಆಮ್ಲಜನಕ ಕೊಡುವುದಿಲ್ಲ.

ಈಗ ಯಂತ್ರದ ಮಾತು. ಓಡಿಸಲು ಶುರು ಮಾಡಿದ ಮೊದಲ ತಿಂಗಳು ನಾವು ಇದನ್ನು ತಪ್ಪಾಗಿ ಬಳಸಿದೆವು. ಟ್ಯಾಂಕಿಗೆ ಇಳಿಯುವ ಒಂದು ಮುಚ್ಚಳ, ಅಂದರೆ ಪ್ಯಾನೆಲ್ ಬಿಚ್ಚಿ ಮೂವರ್ ಇಟ್ಟು, ಪಕ್ಕದ ಪ್ಯಾನೆಲ್ ಬಿಚ್ಚಿಟ್ಟೆವು. ಬಾಯಲ್ಲಿ ಆವಿ ಅಳೆಯುವ ಮೀಟರ್ ಸೊನ್ನೆ. ಒಳಗೆ ರೆಕ್ಕೆಯ ಅಡ್ಡಗೋಡೆಗಳಾದ ಮೂರು ರಿಬ್ ದಾಟಿ ಮೀಟರ್ ಚಾಚಿದರೆ ಮುಳ್ಳು ಏರುತ್ತಿತ್ತು. ನಮ್ಮ ಸೀನಿಯರ್ ಒಬ್ಬರು ಬೈದರು, "ಬಾಯಿ ಒರೆಸಿ ಹೊಟ್ಟೆ ಖಾಲಿ ಅಂದ್ರೆ ಹೇಗೋ?" ಗಾಳಿ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ, ಮೂಲೆ ತಿರುಗಿ ನೋಡುವುದಿಲ್ಲ. ಈಗ ರೆಕ್ಕೆಯ ತುದಿ ಕಡೆ ಪ್ಯಾನೆಲ್ ತೆಗೆದು, ಬುಡದ ಕಡೆಯಿಂದ ಹೀರಿಸುತ್ತೇವೆ. ಹೋಸಿನ ಬಾಯಿ ತಗ್ಗಿನಲ್ಲಿ, ಯಾಕೆಂದರೆ ಈ ಆವಿ ಗಾಳಿಗಿಂತ ಭಾರ. ಹೀರಿದ್ದು ಹ್ಯಾಂಗರಿನ ಹೊರಗೆ ಹೋಗಬೇಕು. ಊದುವುದಕ್ಕಿಂತ ಹೀರುವುದೇ ನನಗೆ ಇಷ್ಟ. ಕಂಪ್ರೆಸರಿನ ಎಣ್ಣೆ, ನೀರು ಟ್ಯಾಂಕಿಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಫಿಲ್ಟರಿನಿಂದ ಎಷ್ಟು ನೀರು ಬರುತ್ತದೆ ಅಂತ ಒಮ್ಮೆ ಡ್ರೈನ್ ಮಾಡಿ ನೋಡಿ!

ಮೂಲೆಯಲ್ಲಿ ನಿಂತ ಒಂದು ಬೊಗಸೆ ಇಂಧನವನ್ನು ಮಾತ್ರ ಯಂತ್ರ ಬೇಗ ಒಣಗಿಸುವುದಿಲ್ಲ. ಹತ್ತಿ ಬಟ್ಟೆಯಿಂದ ಒರೆಸಲೇಬೇಕು. ಇಲ್ಲದಿದ್ದರೆ ಟೀಗೆ ಅಂತ ಅರ್ಧ ಗಂಟೆ ಮೂವರ್ ನಿಲ್ಲಿಸಿ ಬಂದರೆ ರೀಡಿಂಗ್ ಮತ್ತೆ ಮೇಲೆ. ಮೀಥೇನಿಗೆ ಹೊಂದಿಸಿದ ಮೀಟರ್ ಜೆಟ್ ಇಂಧನದ ಆವಿಯನ್ನು ಕಡಿಮೆ ತೋರಿಸುತ್ತದೆ. ಹೊಸಬರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅಲ್ವಾ?

ಬೇಸರಗಳೂ ಇವೆ. ಸದ್ದು ಜಾಸ್ತಿ. ಒಳಗಿದ್ದವನ ಕೂಗು ಹೊರಗೆ ಕಾಯುವವನಿಗೆ ಕೇಳಿಸುವುದಿಲ್ಲ, ನಾವು ರೆಕ್ಕೆಯನ್ನು ತಟ್ಟಿ ಮಾತಾಡುತ್ತೇವೆ: ಎರಡು ತಟ್ಟು ಸರಿ, ತಟ್ಟು ನಿಂತರೆ ಎಳೆ. ಗಾಳಿಯನ್ನೂ ವಿಪರೀತ ಕುಡಿಯುತ್ತದೆ. ಪಕ್ಕದಲ್ಲಿ ಪೇಂಟಿನವರು ಸ್ಪ್ರೇ ಗನ್ ಒತ್ತಿದ ತಕ್ಷಣ ಹೀರುವ ಜೋರು ಇಳಿದುಬಿಡುತ್ತದೆ. ಮಾರಿದವರು ಮೊದಲು ಕಳಿಸಿದ್ದು ಮಾಮೂಲಿ ಪ್ಲಾಸ್ಟಿಕ್ ಹೋಸು. ಸ್ಟ್ಯಾಟಿಕ್ ಹರಿದುಹೋಗುವ, ಒಳಗೆ ತಂತಿಯಿರುವ ಹೋಸು ಸಿಗಲು ಎರಡು ತಿಂಗಳು ಕಾದೆವು. ಅಷ್ಟು ದಿನ ಯಂತ್ರ ಪೆಟ್ಟಿಗೆಯಲ್ಲೇ ಕೂತಿತ್ತು.

ಯಂತ್ರಕ್ಕೆ ಐದರಲ್ಲಿ ನಾಲ್ಕು ಸ್ಟಾರ್. ನಾಲ್ಕು ವರ್ಷದಲ್ಲಿ ಬದಲಿಸಿದ್ದು ಒಂದೇ ವಾಷರ್. ಈ ವರ್ಷ ಇನ್ನೊಂದು ತರಿಸಿದೆವು. ಈ ಸಲ ಹೋಸಿನ ಆರ್ಡರ್ ಮೊದಲು ಹೋಯಿತು.