ಕ್ಯೂಆರ್ ಮೇಲೆ ಸಿಕ್ಕ ಸಾಲ, ಮಳೆಗಾಲದಲ್ಲಿ ತಿಂದ ಪೆಟ್ಟು

ಕುಮಟಾದಲ್ಲಿ ಹೊಸ ಕ್ಲಿನಿಕ್ ತೆರೆಯುತ್ತಿರುವ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. ಪಶುವೈದ್ಯ. ನಮ್ಮವರ ಜೊತೆ ಆರು ತಿಂಗಳು ಓಡಾಡಿ ಕೆಲಸ ಕಲಿತವನು. "ಅಕ್ಕಾ, ನಿಮ್ಮ ಕ್ಲಿನಿಕ್ಕಿನಲ್ಲಿದ್ದ, ಕ್ಯೂಆರ್‌ಗೆ ದುಡ್ಡು ಬಂದಾಗ ಕೂಗಿ ಹೇಳೋ ಆ ಮಾತಾಡೋ ಡಬ್ಬಿ ಯಾವ ಕಂಪನಿದು? ಅವರು ಸಾಲಾನೂ ಕೊಡ್ತಾರಂತೆ, ಕಾಗದಪತ್ರ ಏನೂ ಬೇಡವಂತೆ" ಅಂದ. ನನ್ನ ಎದೆ ಧಸಕ್ ಅಂತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ.

ನಾವು ಶಿರಸಿಯವರು. ನಮ್ಮವರು ಹದಿನಾಲ್ಕು ವರ್ಷದಿಂದ ಖಾಸಗಿಯಾಗಿ ದನದ ಡಾಕ್ಟರು. ಪೇಟೆಯಲ್ಲೊಂದು ಸಣ್ಣ ಕ್ಲಿನಿಕ್ ಇದೆ, ನಾಯಿ ಬೆಕ್ಕು ಅಲ್ಲಿಗೆ ಬರುತ್ತವೆ. ಹಸು ಎಮ್ಮೆ ಇದ್ದಲ್ಲಿಗೆ ಇವರೇ ಬೈಕ್ ಹತ್ತಿ ಹೋಗುತ್ತಾರೆ. ಲೆಕ್ಕ ನೋಡುವವಳು ನಾನು. ಹಾಗಾಗಿ ಡಬ್ಬಿಯವರ ಮಾತು ಕೇಳಿ ಸಾಲ ತೆಗೆದ ತಪ್ಪೂ ನನ್ನದೇ.

2025ರ ಮೇ ತಿಂಗಳು. ಹಸುಗಳ ಗಬ್ಬ ನೋಡಲು ಒಂದು ಸ್ಕ್ಯಾನಿಂಗ್ ಯಂತ್ರ ಬೇಕೆಂದು ಇವರಿಗೆ ಬಹಳ ದಿನದ ಆಸೆ. ಬೆಲೆ 2 ಲಕ್ಷ. ಬ್ಯಾಂಕಿನ ಮ್ಯಾನೇಜರು "ಮುದ್ರಾ ಸಾಲಕ್ಕೆ ಅರ್ಜಿ ಹಾಕಿ, ಅಡವು ಏನೂ ಬೇಡ" ಅಂದರು. ಆದರೆ ಎರಡು ವರ್ಷದ ಐಟಿ ರಿಟರ್ನ್, ಯಂತ್ರದ ಕೊಟೇಶನ್, ಉದ್ಯಮ್ ನೋಂದಣಿ ಎಲ್ಲ ತರಬೇಕಿತ್ತು. ಉದ್ಯಮ್ ಅಂದರೆ ನಮ್ಮದು ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಸರ್ಕಾರದ ತಾಣದಲ್ಲಿ ಪುಕ್ಕಟೆ. ನಾನು ಹುಡುಕಿದಾಗ ಮೊದಲು ಕಂಡ ಯಾವುದೋ ತಾಣಕ್ಕೆ 1,499 ರೂಪಾಯಿ ಕಟ್ಟಿ ಮಾಡಿಸಿದೆ. ಅದು ಹೋದದ್ದು ಹೋಯ್ತು.

ಅದೇ ವಾರ ಕ್ಯೂಆರ್ ಕಂಪನಿಯ ಹುಡುಗ ಬಂದ. "ಮೇಡಂ, ನಿಮಗೆ 2 ಲಕ್ಷ ಮಂಜೂರಾಗಿಯೇ ಇದೆ. ತಿಂಗಳಿಗೆ ಬರೀ ಒಂದೂವರೆ ಪರ್ಸೆಂಟ್. ಕಂತಿನ ತಲೆಬಿಸಿಯೇ ಇಲ್ಲ, ಡಬ್ಬಿಗೆ ಬಂದ ದುಡ್ಡಿನಲ್ಲೇ ದಿನಾ ಸ್ವಲ್ಪ ಕಟ್ ಆಗ್ತದೆ. ವ್ಯಾಪಾರ ಇಲ್ಲದ ದಿನ ಕಟ್ ಆಗೋದಿಲ್ಲ" ಅಂದ. ಹತ್ತು ನಿಮಿಷದಲ್ಲಿ ಮೊಬೈಲಿನಲ್ಲೇ ನಾಲ್ಕು ಸಲ ಸರಿ ಸರಿ ಒತ್ತಿದೆ. ಮರುದಿನ ಖಾತೆಗೆ ಬಂದದ್ದು 1,90,420.

ಉಳಿದದ್ದು ಎಲ್ಲಿ ಹೋಯ್ತು? ಪ್ರೊಸೆಸಿಂಗ್ ಫೀ 6,000, ಅದಕ್ಕೆ ಜಿಎಸ್‌ಟಿ 1,080, ಮತ್ತೆ ನಾನು ಕೇಳದೇ ಇದ್ದ ಒಂದು ವಿಮೆಗೆ 2,500. ವಾಪಸ್ ಕೊಡಬೇಕಾದದ್ದು ಮಾತ್ರ 2,36,000. ದಿನಕ್ಕೆ 647ರಂತೆ ಒಂದು ವರ್ಷ.

ಒಂದೂವರೆ ಅಂದರೆ ವರ್ಷಕ್ಕೆ 18 ಅಂತ ನಾನು ಲೆಕ್ಕ ಹಾಕಿದ್ದೆ. ಬ್ಯಾಂಕಿನ ಸಾಲದಲ್ಲಿ ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಇದು ಹಾಗಲ್ಲ, ಫ್ಲಾಟ್ ಬಡ್ಡಿ. ಅಸಲಿನ ಮುಕ್ಕಾಲು ಪಾಲು ತೀರಿಸಿದ ಮೇಲೂ ಪೂರ್ತಿ 2 ಲಕ್ಷಕ್ಕೇ ಬಡ್ಡಿ. ಸರಿಯಾಗಿ ಲೆಕ್ಕ ಹಾಕಿದರೆ ಅದು ವರ್ಷಕ್ಕೆ 34ರ ಹತ್ತಿರ ಬರುತ್ತದೆ. ಫೀ, ವಿಮೆ ಸೇರಿಸಿದರೆ 44. ಬೇಜಾರಿನ ವಿಷಯ ಏನೆಂದರೆ, ಈ 44 ಅವರು ಕಳಿಸಿದ ಕಾಗದದಲ್ಲೇ ಇತ್ತು. ಸಣ್ಣ ಉದ್ದಿಮೆಗಳ ಅವಧಿ ಸಾಲಕ್ಕೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಿಂದ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ, ಅಂದರೆ ಫೀ ಎಲ್ಲ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರ. ನಾನು ಅದನ್ನು ತೆರೆದದ್ದೇ ಆಗಸ್ಟ್‌ನಲ್ಲಿ.

ಜೂನ್ ಬಂತು. ನಮ್ಮ ಕಡೆ ಮಳೆಗಾಲ ಗೊತ್ತಲ್ವಾ. ನಾಯಿ ಹಿಡಿದುಕೊಂಡು ಪೇಟೆಗೆ ಯಾರು ಬರುತ್ತಾರೆ? ಹಳ್ಳಿಯಲ್ಲಿ ಕೆಲಸಕ್ಕೆ ಬರವಿಲ್ಲ. ಕೆಚ್ಚಲು ಬಾವು, ಕರು ಅಡ್ಡ ಸಿಕ್ಕಿದ್ದು, ರಾತ್ರಿ ಹನ್ನೊಂದಕ್ಕೂ ಕರೆ ಬರುತ್ತದೆ. ಆದರೆ ಹುಲೇಕಲ್ ದಾಟಿ ಒಳಗೆ ಹೋದರೆ ಎಷ್ಟೋ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಕೊಟ್ಟರೆ ನಗದು ಕೊಡುತ್ತಾರೆ. ಇಲ್ಲದಿದ್ದರೆ "ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ ಡಾಕ್ಟ್ರೇ" ಅನ್ನುತ್ತಾರೆ. ಕೊಡುತ್ತಾರೆ ಕೂಡ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಸುಗ್ಗಿ ಮುಗಿದ ಮೇಲೆ. ಸಾಲದವರಿಗೆ ಅಡಿಕೆ ಸುಗ್ಗಿ ಗೊತ್ತಿಲ್ಲವಲ್ಲ.

ಮೇಲಿಂದ ಆ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಸುದ್ದಿ. ಇವರೂ ಹೆದರಿ ಕೆಲವು ದಿನ "ನಗದೇ ಕೊಡಿ" ಅಂದರು. ಸುಮ್ನೆ ಹೆದರಿದ್ದು. ಪಶುವೈದ್ಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಔಷಧಿ ಮಾರಿದ್ದು ಬೇರೆ ಲೆಕ್ಕ. ಆದರೆ ನಮ್ಮಲ್ಲಿ ಎರಡೂ ಒಂದೇ ಕ್ಯೂಆರ್‌ಗೆ ಬೀಳುತ್ತಿತ್ತು, ಬಿಲ್ ಇರಲಿಲ್ಲ. ಯಾರಾದರೂ ಕೇಳಿದ್ದರೆ ಬಿಡಿಸಿ ತೋರಿಸಲು ಆಗುತ್ತಿರಲಿಲ್ಲ.

ಜುಲೈನಲ್ಲಿ ಹನ್ನೊಂದು ದಿನ ಡಬ್ಬಿ ಬಾಯಿಯೇ ಬಿಡಲಿಲ್ಲ. ಕಡಿತ ನಿಂತಿತೇ? ಇಲ್ಲ. ನಾನು ಒತ್ತಿದ ಒಂದು ಸರಿಯಲ್ಲಿ ಕರೆಂಟ್ ಅಕೌಂಟಿನಿಂದ ನೇರ ಎಳೆದುಕೊಳ್ಳುವ ಒಪ್ಪಿಗೆಯೂ ಇತ್ತು. ಬಾಕಿಯನ್ನೆಲ್ಲ ಅಲ್ಲಿಂದ ಎಳೆದರು. ಹುಬ್ಬಳ್ಳಿಯ ಔಷಧಿ ಏಜೆನ್ಸಿಗೆ ಕೊಟ್ಟಿದ್ದ 18,400ರ ಚೆಕ್ ವಾಪಸ್ ಬಂತು. ಆ ಖಾತೆಯಲ್ಲಿ ಸರಾಸರಿ 25,000 ಇರಬೇಕಂತೆ, ಅದೂ ಇರಲಿಲ್ಲ. ಚೆಕ್ಕಿಗೆ ದಂಡ 590. ಎಳೆಯಲು ಹೋಗಿ ದುಡ್ಡಿಲ್ಲದೆ ಬೌನ್ಸ್ ಆದದ್ದು ಮೂರು ಸಲ, ಪ್ರತಿ ಸಲ ಬ್ಯಾಂಕಿಗೆ 590, ಸಾಲದವರಿಗೆ 500. ಬ್ಯಾಲೆನ್ಸ್ ಇಲ್ಲದ್ದಕ್ಕೆ 1,770. ಒಟ್ಟು 5,630. ದುಡ್ಡಿಗಿಂತ ಜಾಸ್ತಿ ಸುಟ್ಟದ್ದು ಏಜೆನ್ಸಿಯವರ ಮಾತು. ಹತ್ತು ವರ್ಷದಿಂದ ಐಸ್ ಡಬ್ಬಿಯಲ್ಲಿ ಲಸಿಕೆ ಬಸ್ಸಿಗೆ ಹಾಕಿ ಕಳಿಸಿ, ಆಮೇಲೆ ದುಡ್ಡು ತೆಗೆದುಕೊಳ್ಳುತ್ತಿದ್ದವರು "ಇನ್ನು ಮುಂದೆ ಮೊದಲು ದುಡ್ಡು" ಅಂದರು.

ಕಂಪನಿಗೆ ಫೋನ್ ಮಾಡಿದರೆ "ಸಾಲ ಕೊಟ್ಟದ್ದು ನಾವಲ್ಲ, ಫೈನಾನ್ಸ್ ಕಂಪನಿ" ಅನ್ನುತ್ತಾರೆ. ಆ ಹುಡುಗ ಕೆಲಸ ಬಿಟ್ಟಿದ್ದ. ಫೈನಾನ್ಸ್ ಕಂಪನಿಗೆ ಇಮೇಲ್ ಹಾಕಿ 30 ದಿನ ಕಾದೆ. ಉತ್ತರ ಬರದಿದ್ದಾಗ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಟ್ಟೆ. ಅದಕ್ಕೆ ಖರ್ಚಿಲ್ಲ. ಮಾಹಿತಿ ಬೇಕಿದ್ದರೆ 14448ಕ್ಕೆ ಫೋನ್ ಮಾಡಬಹುದು. ವಿಮೆಯ 2,500 ವಾಪಸ್ ಬಂತು. ಬಡ್ಡಿ ಬರಲಿಲ್ಲ, ಒಪ್ಪಿದವಳು ನಾನೇ ಅಲ್ವಾ. ಹುಡುಗ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ?

ಅಕ್ಟೋಬರ್‌ನಲ್ಲಿ ಸೊಸೈಟಿಯಲ್ಲಿ ಬಳೆ ಅಡವಿಟ್ಟು ಆ ಸಾಲ ತೀರಿಸಿದೆವು. ಮೊದಲೇ ತೀರಿಸಿದ್ದಕ್ಕೂ ದಂಡ ಕಟ್ಟಿದೆವು.

ಡಬ್ಬಿಯ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ನಮಗೆ ಕಮಿಷನ್ ಬೀಳುವುದಿಲ್ಲ, ಡಬ್ಬಿಯ ಬಾಡಿಗೆ ಮಾತ್ರ. ಅದು ಈಗಲೂ ಇದೆ. ಕಾರ್ಡ್ ಉಜ್ಜುವ ಯಂತ್ರವನ್ನು ಮಾತ್ರ ತೆಗೆದುಕೊಳ್ಳಬೇಡಿ ಅನ್ನುತ್ತೇನೆ. ಆರು ತಿಂಗಳಲ್ಲಿ ನಾಲ್ಕು ಜನ ಉಜ್ಜಿದರು, ಬಾಡಿಗೆ ಪ್ರತಿ ತಿಂಗಳೂ ಹೋಯ್ತು.

ಕುಮಟಾದ ಹುಡುಗನಿಗೆ ಸಾಲದ ಹಾಳೆ ಕಳಿಸು, ನಾನು ಓದುತ್ತೇನೆ, ಅಲ್ಲಿವರೆಗೆ ಏನನ್ನೂ ಒತ್ತಬೇಡ ಅಂದೆ. "ನಮ್ಮದು ಕರಾವಳಿ ಅಕ್ಕಾ, ಅಡಿಕೆ ಕಾಯಬೇಕಾಗಿಲ್ಲ" ಅಂದ. ಸರಿ, ಆದರೆ ಜುಲೈನ ಮಳೆ ಅಲ್ಲಿಯೂ ಬರುತ್ತದಲ್ಲ? ಭಾನುವಾರ ಘಟ್ಟ ಹತ್ತಿ ಬಂದು ನಮ್ಮ ಲೆಕ್ಕದ ಜೂನ್, ಜುಲೈ ಪುಟ ನೋಡು ಅಂದಿದ್ದೇನೆ. ಬರುತ್ತಾನಂತೆ.