ಶೆಲ್ ಸ್ಕ್ರಿಪ್ಟಿನ case ಪ್ಯಾಟರ್ನ್‌ನ್ಯಾಗ ರೇಂಜ್ ([0-9] ಇದ್ದಂಗ) ಹಾಕೂದೋ, ಕ್ಲಾಸ್ ([[:digit:]] ಇದ್ದಂಗ, ಹೆಸರಿಟ್ಟ ಅಕ್ಷರಗಳ ಗುಂಪು) ಹಾಕೂದೋ?

ಹುಬ್ಬಳ್ಳಿ, ಗದಗ, ಹಾವೇರಿ ಪಿನ್‌ಕೋಡ್ ಚೆಕ್ ಮಾಡೋ ಶೆಲ್ ಸ್ಕ್ರಿಪ್ಟ್ ಬರಿಯಾಕ ಹತ್ತೀರಂದ್ರ ಸುಮ್ನ ರೇಂಜ್ ಹಾಕ್ರಿ, 58[0-2][0-9][0-9][0-9] ಅಂತ ಬರದ್ರ 580020ನೂ ಹಿಡೀತದ, 582101ನೂ ಹಿಡೀತದ, ಬೆಳಗಾವಿ 590001 ಹೊರಗ (ಕಾರವಾರ ಒಳಗ ಬರ್ತದ, ಅದು ಬ್ಯಾರೆ ಮಾತು). ಡಿಜಿಟ್ ಕ್ಲಾಸಿಗೆ ಈ ‘2ರ ತನಕ ಅಷ್ಟ’ ಅನ್ನೂದು ಬರಂಗಿಲ್ಲ, ಹತ್ತೂ ಅಂಕಿ ತಗೋತದ.

ಅಕ್ಷರ ಬಂತಂದ್ರ ಮಾತ್ರ ಕ್ಲಾಸ್ ಚಲೋ ರೀ, ಯಾಕಂದ್ರ ಸಣ್ಣ ಎ ಟು ಝಡ್ ರೇಂಜ್ ಕೆಲವು ಲೊಕೇಲ್‌ನ್ಯಾಗ (ಅಂದ್ರ ಸಿಸ್ಟಮ್‌ನ ಭಾಷೆ-ದೇಶದ ಸೆಟ್ಟಿಂಗ್‌ನ್ಯಾಗ) ಕ್ಯಾಪಿಟಲ್ ಅಕ್ಷರಾನೂ ಒಳಗ ಬಿಡ್ತದ, [[:lower:]] ಕ್ಲಾಸ್ ಬಿಡಂಗಿಲ್ಲ.

ಆದ್ರ ಕ್ಲಾಸಿಗೆ ಬ್ರಾಕೆಟ್ ಡಬಲ್ ಬೇಕು, [[:digit:]] ಹಿಂಗ. ಸಿಂಗಲ್ ಹಾಕಿದ್ರ ಬಾಳ ಶೆಲ್‌ನ್ಯಾಗ ಎರರೂ ಬರಂಗಿಲ್ಲ, ಕೋಲನ್, ಡಿ, ಐ, ಜಿ, ಟಿ ಇವುನ್ನಷ್ಟ ಹುಡಕ್ಕೋಂತ ಕುಂದರ್ತದ. ‘ಅಲ್ಲ’ ಅನ್ನಾಕ ರೇಂಜ್, ಕ್ಲಾಸ್ ಎರಡಕ್ಕೂ ಹೊರಗಿನ ಬ್ರಾಕೆಟ್ ಒಳಗ ಮೊದಲು ! ಹಾಕ್ರಿ, ^ ಬ್ಯಾಷ್ ಅನ್ನೋ ಶೆಲ್‌ನ್ಯಾಗ ನಡೀತದ, ಎಲ್ಲಾ ಕಡೆ ಗ್ಯಾರಂಟಿ ಇಲ್ಲ.